ಕನ್ನಡಿಯಲ್ಲಿ ಉಳಿದ ಮರ

"ಹನ್ನೊಂದಕ್ಕೆ ಡಾಕ್ಟರಮ್ಮ ಬರ್ತಾರೆ. ಆ ಮೆಟ್ಟಿಲ ರೇಲಿಂಗು ಅವರಿಗೆ ಬಿಳಿ ಬೇಕಂತೆ, ಮಾಡಿಬಿಡಿ," ಎಂದು ಗಡಿಬಿಡಿ ಸಾರ್ ಫೋನಿನಲ್ಲಿ ಹೇಳಿದಾಗ ಹತ್ತು ಗಂಟೆ. ಅವರು ಆರ್ಕಿಟೆಕ್ಟು. 'ಗಡಿಬಿಡಿ' ಅಂತ ಹೆಸರಿಟ್ಟವಳು ನಾನು, ಅವರಿಗೆ ಗೊತ್ತಿಲ್ಲ.

ಇನ್ನೂ ಆಗದ ಮನೆ ಹೇಗೆ ಕಾಣುತ್ತದೆಂದು ಚಿತ್ರ ಮಾಡಿಕೊಡುವುದು ನನ್ನ ಕಸುಬು. ಗೋಡೆ, ನೆಲ, ಸೋಫಾ, ಕಿಟಕಿಯಿಂದ ಬೀಳುವ ಬಿಸಿಲು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ರೆಂಡರ್‌ಗೆ ಬಿಡುತ್ತೇನೆ. ಅದು ಐದು ಗಂಟೆ ಕೂತು, ಯಾವ ಬೆಳಕು ಯಾವುದಕ್ಕೆ ತಾಗಿ ಎಲ್ಲಿಗೆ ಹೋಗುತ್ತದೆಂದು ಲೆಕ್ಕ ಹಾಕಿ, ಫೋಟೋ ಹೊಡೆದಂಥ ಚಿತ್ರ ಕೊಡುತ್ತದೆ. ಡಾಕ್ಟರಮ್ಮನ ಮನೆಯ ಚಿತ್ರ ಆವತ್ತು ಬೆಳಿಗ್ಗೆಯಷ್ಟೇ ಮುಗಿದಿತ್ತು. ಯಾರಿಗೂ ತೋರಿಸಿರಲಿಲ್ಲ.

"ಸಾರ್, ಒಂದು ಗಂಟೇಲಿ ಆಗೋ ಕೆಲಸಾನಾ ಇದು?" ಎಂದು ರೇಗಿದೆ.

"ಅದೇನೋ ಇದೆಯಲ್ಲಾ ನಿಮ್ಮ ಹತ್ರ, ಚಿತ್ರ ಆದ್ಮೇಲೂ ಬದಲಾಯಿಸೋದು! ಅದ್ರಲ್ಲಿ ಮಾಡಿ. ಇಡ್ಲಾ?" ಇಟ್ಟೇಬಿಟ್ಟರು.

ಇದೆ, ನಿಜ. ಮುಗಿದ ಚಿತ್ರದಲ್ಲೇ ಒಂದು ವಸ್ತುವನ್ನು ಆರಿಸಿಕೊಂಡು ಅದರ ಮೆಟೀರಿಯಲ್ ಬದಲಾಯಿಸಬಹುದು. ಕುರ್ಚಿಯ ಬಟ್ಟೆಯನ್ನು ಚರ್ಮ ಮಾಡಬಹುದು, ಮರವನ್ನು ಬಿಳಿ ಬಣ್ಣ ಮಾಡಬಹುದು. ಎರಡು ನಿಮಿಷದ ಕೆಲಸ. ಆದರೆ ಆವತ್ತು ನನ್ನ ಕೈ ಏಳಲಿಲ್ಲ. ಆ ರೇಲಿಂಗ್ ಮಾಡಿದ್ದು ನಮ್ಮಪ್ಪ.

ಅಪ್ಪ ಬಡಗಿ. ಮೂವತ್ತೆರಡು ವರ್ಷದ ಹಿಂದೆ, ಮೇಸ್ತ್ರಿಯ ಕೈಕೆಳಗಿಂದ ಹೊರಬಂದು ಸ್ವಂತಕ್ಕೆ ಒಪ್ಪಿಕೊಂಡ ಮೊದಲ ಕೆಲಸ ಅದು. ಮೆಟ್ಟಿಲು ತಿರುಗುವ ಕಡೆ ರೇಲಿಂಗಿನ ಮೇಲಿನ ಕೈಹಿಡಿಯೂ ಜೊತೆಗೆ ತಿರುಗುತ್ತದೆ, ಒಂದೇ ಮರದ ತುಂಡು, ನಡುವೆ ಜೋಡಣೆಯಿಲ್ಲ. ಮೂರು ಸಲ ಕೆಡಿಸಿ ನಾಲ್ಕನೇ ಸಲ ಕೂರಿಸಿದರಂತೆ. ಈ ಕಥೆಯನ್ನು ಚಿಕ್ಕಂದಿನಿಂದ ಅದೆಷ್ಟು ಸಲ ಕೇಳಿದ್ದೇನೋ. ಅಪ್ಪ 'ಮೂರು ಸಲ' ಅನ್ನುವಷ್ಟರಲ್ಲಿ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು.

ಮನೆ ಕೈಬದಲಾಗಿ ಡಾಕ್ಟರಮ್ಮನದಾಯಿತು. ರಿಪೇರಿಗೆ ಮುಂಚೆ ಅಳತೆ ತೆಗೆಯಲು ಹೊರಟಾಗ, ಟೇಪಿನ ಇನ್ನೊಂದು ತುದಿ ಹಿಡಿಯುವ ನೆಪದಲ್ಲಿ ಅಪ್ಪನೂ ಬಂದರು. ರೇಲಿಂಗು ಜಿಡ್ಡು ಹಿಡಿದು ಕರ್ರಗಾಗಿತ್ತು. ಅಪ್ಪ ಆ ತಿರುವಿನ ಮೇಲೆ ಒಂದು ಸಲ ಕೈಯಾಡಿಸಿದರು, ಅಷ್ಟೇ. ಹೊರಗೆ ಬಂದಮೇಲೆ ನನ್ನಿಂದ ಮಾತು ತೆಗೆದುಕೊಂಡರು.

"ಇದು ನಾನು ಮಾಡಿದ್ದು ಅಂತ ಅವರಿಗೆ ಹೇಳಕೂಡದು. ನನ್ನ ಮುಖ ನೋಡಿ ಇಟ್ಕೊಳ್ಳೋದು ಬೇಡ ಕಣಮ್ಮಾ. ಕೆಲಸ ನೋಡಿ ಇಟ್ಕೊಂಡ್ರೆ ಇಟ್ಕೊಳ್ಳಲಿ."

ಬಾಯಿ ಕಟ್ಟಿಹಾಕಿದ ಮೇಲೆ ನನ್ನ ಹತ್ತಿರ ಉಳಿದದ್ದು ಚಿತ್ರ ಮಾತ್ರ. ಜಿಡ್ಡೆಲ್ಲ ತೊಳೆದರೆ ಆ ಮರ ಹೇಗಿರುತ್ತದೋ ಹಾಗೇ ಮಾಡಿದ್ದೆ, ಎಳೆ ಎಳೆಯಾಗಿ. ಅದನ್ನು ನೋಡುವ ಮೊದಲೇ ಡಾಕ್ಟರಮ್ಮ ಬಿಳಿ ಅಂದುಬಿಟ್ಟಿದ್ದಾರೆ. ಮರದ ಎಳೆಗಳಿಗೆ ಬಿಳಿ ಪೇಂಟು ಇಳಿದರೆ ಮುಗಿಯಿತು, ಆಮೇಲೆ ಯಾರು ಉಜ್ಜಿದರೂ ಮೊದಲಿನಂತಾಗುವುದಿಲ್ಲ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಸಿಟ್ಟನ್ನು ಮೌಸಿನ ಮೇಲೆ ತೀರಿಸಿಕೊಂಡೆ. ಒಂದು ಕ್ಲಿಕ್ಕು, ರೇಲಿಂಗು ಬೆಳ್ಳಗಾಯಿತು.

ಟೀ ಕೊಡಲು ಬಂದ ಅಪ್ಪ ನನ್ನ ಭುಜದ ಹಿಂದೆ ನಿಂತು ನೋಡಿದರು.

"ಬಿಳಿ ಮಾಡ್ತಾರಾ?"

"ಹೂಂ ಅಪ್ಪಾ."

"ನೀಟಾಗೇ ಇದೆ ಬಿಡು," ಎಂದವರೇ ಲೋಟ ಇಟ್ಟು ಹೊರಟುಹೋದರು. ಟೀಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದರು.

ಹನ್ನೊಂದಕ್ಕೆ ಸಾರ್ ಆಫೀಸಿನ ದೊಡ್ಡ ಪರದೆಯ ಮೇಲೆ ಚಿತ್ರ ಹಾಕಿದೆ. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. ಎದ್ದು ಪರದೆಯ ಹತ್ತಿರ ಹೋದರು.

"ಏನಮ್ಮಾ ಇದು? ಮೆಟ್ಟಿಲ ಹತ್ರ ಬಿಳಿ ಇದೆ, ಕನ್ನಡಿ ಒಳಗೆ ಮರ ಇದೆ?"

ಮೆಟ್ಟಿಲಿನ ಎದುರುಗೋಡೆಗೆ ಆಳೆತ್ತರದ ಕನ್ನಡಿ ಕೇಳಿದ್ದವರು ಅವರೇ. ಮುಗಿದ ಚಿತ್ರದಲ್ಲಿ ವಸ್ತುವನ್ನು ಬದಲಾಯಿಸಿದರೆ ಆ ವಸ್ತು ಮಾತ್ರ ಬದಲಾಗುತ್ತದೆ. ಕನ್ನಡಿಯಲ್ಲಿ ಬಿದ್ದಿರುವ ಪ್ರತಿಬಿಂಬ ಹಳೆಯ ಲೆಕ್ಕದ್ದು, ಅದು ಹಾಗೇ ಉಳಿಯುತ್ತದೆ. ಅದನ್ನು ಬೇರೆಯಾಗಿ ತಿದ್ದಬೇಕು. ಈ ಕಸುಬಿನವರು ಮೊದಲು ಕಲಿಯುವ ಪಾಠ ಇದು. ಸಿಟ್ಟಿನಲ್ಲಿ ನಾನು ಆ ಕಡೆ ಕಣ್ಣೇ ಹಾಯಿಸಿರಲಿಲ್ಲ. ಈಗ ನೋಡಿದರೆ, ಅಪ್ಪನ ತಿರುವು ಕನ್ನಡಿಯ ನಟ್ಟನಡುವೆ, ಬಿಸಿಲು ಬಿದ್ದು, ಜೇನಿನ ಬಣ್ಣದಲ್ಲಿ ಹೊಳೆಯುತ್ತಿದೆ!

"ತಪ್ಪಾಯ್ತು ಮೇಡಂ. ಮೊದಲು ಮರ ಇತ್ತು. ಈಗ ಅವಸರದಲ್ಲಿ ಬಿಳಿ ಮಾಡಿದೆ, ಕನ್ನಡಿ ಬಿಟ್ಟುಹೋಯ್ತು. ಐದೇ ನಿಮಿಷ, ಸರಿ ಮಾಡ್ತೀನಿ."

ಗಡಿಬಿಡಿ ಸಾರ್ ನನ್ನನ್ನು ನುಂಗುವ ಹಾಗೆ ನೋಡಿದರು. ಡಾಕ್ಟರಮ್ಮ ಕೈ ಎತ್ತಿ ತಡೆದರು.

"ತಾಳಿ, ಮುಟ್ಟಬೇಡಿ." ಒಮ್ಮೆ ಬಿಳಿಯದನ್ನು, ಒಮ್ಮೆ ಕನ್ನಡಿಯದನ್ನು ನೋಡಿದರು. "ಆ ಮನೇಲಿರೋದು ಇದೇನಾ? ನಾನು ಯಾವುದೋ ಕರೀ ಪೈಪು ಅಂದ್ಕೊಂಡಿದ್ದೆ. ಈ ತಿರುವು ಒಂದೇ ಮರಾನಾ?"

"ಒಂದೇ ತುಂಡು ಮೇಡಂ. ಜೋಡಣೆ ಇಲ್ಲ." ಮುಂದಿನ ಮಾತು ನಾಲಿಗೆ ತುದಿಗೇ ಬಂತು. ನುಂಗಿಕೊಂಡೆ.

"ಆಸ್ಪತ್ರೇಲಿ ದಿನವಿಡೀ ಬಿಳಿ ನೋಡ್ತೀನಿ. ಮನೆಗೂ ಅದನ್ನೇ ಹೇಳ್ಬಿಟ್ಟೆ ನೋಡಿ, ನನ್ನ ಬುದ್ಧಿಗಿಷ್ಟು! ಕನ್ನಡಿಯಲ್ಲಿರೋ ಹಾಗೇ ಇರಲಿ. ಆದ್ರೆ ಇದನ್ನ ಹೀಗೆ ತೊಳೆದು ಹೊಳೆಸೋರು ಯಾರಿದ್ದಾರೆ ಈಗ?"

"ಒಬ್ಬರು ಗೊತ್ತು," ಎಂದೆ. ಅದು ಮಾತು ತಪ್ಪಿದ ಹಾಗಲ್ಲವಲ್ಲ.

ಡಾಕ್ಟರಮ್ಮ ಹೋದಮೇಲೆ ಸಾರ್ ಕೇಳಿದರು, "ನಿಜ ಹೇಳಿ, ಬೇಕಂತಲೇ ಬಿಟ್ರಾ?"

"ಅಷ್ಟು ತಲೆ ಓಡಿದ್ರೆ ನಿಮ್ಮ ಹತ್ರ ಯಾಕೆ ಬೈಸ್ಕೊಳ್ತಿದ್ದೆ ಸಾರ್?"

ಮನೆಗೆ ಹೋಗಿ ಹೇಳಿದಾಗ ಅಪ್ಪ ನಂಬಲಿಲ್ಲ. "ನೀನೇ ಬಾಯಿ ಬಿಟ್ಟಿರ್ತೀಯ." ಚಿತ್ರವನ್ನೇ ತೆರೆದು ಕನ್ನಡಿ ತೋರಿಸಿದೆ. ಬಗ್ಗಿ, ತುಂಬಾ ಹೊತ್ತು ನೋಡಿದರು. "ಒಳ್ಳೇ ತಪ್ಪು ಮಾಡಿದೀಯ," ಎಂದು ನನ್ನ ತಲೆ ಮೇಲೆ ಕೈಯಿಟ್ಟರು. ಆಮೇಲೆ ಸಕ್ಕರೆ ಹಾಕಿದ ಟೀ ಬಂತು. ಎರಡು ಚಮಚ ಜಾಸ್ತಿಯೇ ಇತ್ತು, ಖುಷಿಯಿಂದ ಕುಡಿದೆ.

ಹದಿನೈದು ದಿನ ಅಪ್ಪ ಆ ಮನೆಯಲ್ಲಿ ಕೂತು ಉಜ್ಜಿದರು. ಕೊನೆಯ ದಿನ ನಾನೂ ಹೋಗಿದ್ದೆ. ಡಾಕ್ಟರಮ್ಮ ಮೇಲಿನಿಂದ ಕೈಹಿಡಿಯ ಮೇಲೆ ಬೆರಳು ಜಾರಿಸುತ್ತ ಇಳಿದುಬಂದು ತಿರುವಿನಲ್ಲಿ ನಿಂತರು.

"ಮಾಡಿದೋರು ಯಾರೋ, ಎಂಥ ಕೈ ಅಂತೀನಿ!"

ಅಪ್ಪ ತಲೆಯೆತ್ತಲಿಲ್ಲ. ಬಟ್ಟೆಯಿಂದ ಒರೆಸುತ್ತಲೇ, "ಪರವಾಗಿಲ್ಲಮ್ಮಾ, ಚೆನ್ನಾಗೇ ಮಾಡಿದ್ದಾನೆ. ಮೂರು ಸಲ ಕೆಡಿಸಿ ನಾಲ್ಕನೇ ಸಲ ಕೂರಿಸಿದ್ದು," ಎಂದರು.

"ಅದು ನಿಮಗೆ ಹೇಗೆ ಗೊತ್ತು?"

ಒರೆಸುತ್ತಿದ್ದ ಕೈ ನಿಂತಿತು. ಅಪ್ಪ ಕಿವಿವರೆಗೂ ಕೆಂಪಾಗಿ, ಕಾಪಾಡು ಎನ್ನುವಂತೆ ನನ್ನ ಕಡೆ ನೋಡಿದರು. ನಾನು ಮಾತು ಕೊಟ್ಟವಳು, ಬಾಯಿ ಬಿಡುವ ಹಾಗಿಲ್ಲ. ಕಿಟಕಿಯ ಕಡೆ ತಿರುಗಿ ನಿಂತೆ.