ಅಜ್ಜಿಯ ಶಾಲಿನ ಕೆಂಪು

ಒತಿಲಿಯಾಳ ಗಂಡ ಎಲಿಸಿಯೋನನ್ನು ಮಣ್ಣು ಮಾಡಿ, ಒಂಬತ್ತು ದಿನಗಳ ಜಪಮಾಲೆಯ ಪ್ರಾರ್ಥನೆ ಮುಗಿದ ಮರುಬೆಳಗ್ಗೆ ಸ್ಯಾನ್ ಆಂಟೋನಿಯೋದ ಆ ಬೀದಿಗೆ ಕಸದ ಲಾರಿ ಎಂದಿನಂತೆ ಬಂತು. ಒತಿಲಿಯಾ ಡಬ್ಬಿ ಹೊರಗಿಟ್ಟು ಹಾಗೇ ನಿಂತಿದ್ದಳು. ಬೇಲಿಯಾಚೆಯಿಂದ ನೆರೆಮನೆಯ ಮುದುಕಿ ದೋನ್ಯಾ ಪಿಲಾರ್ ಕರೆದಳು.

“ಮಗಳೇ, ಈಸ್ಟರ್‌ಗೆ ಮುಂಚೆ ನಿನ್ನ ಗಂಡ ನನ್ನ ಒರಳು ತಗೊಂಡು ಹೋಗಿದ್ದ. ಒಂಬತ್ತು ದಿನ ಬಾಯಿ ಬಿಡಲಿಲ್ಲ ನಾನು. ಇವತ್ತು ಚಟ್ನಿ ಅರೀಬೇಕು.”

“ಒರಳು ಯಾಕಂತೆ ಅವನಿಗೆ?”

“ನಾನೂ ಅದನ್ನೇ ಕೇಳಿದೆ. ಹಲ್ಲು ಕಿರಿದ, ಅಷ್ಟೇ. ಸುಮ್ನೆ ತೊಳೆದು ತಂದುಬಿಡ್ಬೇಡ. ಅಕ್ಕಿ ಅರಿ, ಹಿಟ್ಟು ಬೆಳ್ಳಗೆ ಬಂದ ಮೇಲೆ ತಾ.”

ಮೂರು ಕಾಲಿನ ಆ ಕಲ್ಲು ಹಿತ್ತಲ ಶೆಡ್ಡಿನಲ್ಲಿ, ಮಗುಚಿದ ಬಕೆಟ್ಟಿನ ಕೆಳಗೆ ಸಿಕ್ಕಿತು. ಮೊದಲ ಹಿಡಿ ಅಕ್ಕಿ ಅರೆದಾಗ ಹಿಟ್ಟು ಕೆಂಪಗೆ ಬಂತು. ಅವಳ ಕೈ ನಿಂತಿತು.

ಅದೇ ಕೆಂಪು. ಈಸ್ಟರ್ ದಿನ ಎಲಿಸಿಯೋ ಅವಳ ಚಿತ್ರಕ್ಕೆಂದು ಆ ಬಣ್ಣವನ್ನು ಒಂದು ಪುಟ್ಟ ಸೀಸೆಯಲ್ಲಿ ತಂದುಕೊಟ್ಟಿದ್ದ. “ಯೂನಿವರ್ಸಿಟೀಲಿ ಓದಿದೋಳು, ಹೇಗೆ ಮಾಡಿದೆ ಅಂತ ಕಂಡುಹಿಡಿ ನೋಡೋಣ,” ಎಂದಿದ್ದ. ಅವಳು ಓದಿದ್ದು ಚರಿತ್ರೆ. ಚಿತ್ರ ಬರೆಯುವುದನ್ನು ಯಾರೂ ಕಲಿಸಿರಲಿಲ್ಲ. ಅಜ್ಜಿ ಗಡಿ ದಾಟುವಾಗ ಹೊದ್ದು ಬಂದ ಶಾಲನ್ನು ಎದುರಿಗಿಟ್ಟುಕೊಂಡು, ತಪ್ಪುತ್ತ ತಪ್ಪುತ್ತ ಕಲಿತಿದ್ದಳು. ಬಣ್ಣ ಪಾಪಾಸುಕಳ್ಳಿಗೆ ಅಂಟಿ ಬದುಕುವ, ಹಿಸುಕಿದರೆ ಕೆಂಪು ರಸ ಬಿಡುವ ಬಿಳಿ ಹುಳುವಿನದು ಎಂದು ಅವಳಿಗೆ ಗೊತ್ತಿತ್ತು. ತಾನೂ ಕೆರೆದು ತಂದು ಅರೆದಿದ್ದಳು. ಪ್ರತಿ ಸಲವೂ ಅದು ನೇರಳೆಗೆ ತಿರುಗುತ್ತಿತ್ತು. ಅವನದು ಮಾತ್ರ ಕೆಂಡದ ಹಾಗೆ, ಅಜ್ಜಿಯ ಶಾಲಿನ ಹಾಗೆ. ಚಿತ್ರದಲ್ಲಿ ಶಾಲು ಅರ್ಧವಾದಾಗ ಸೀಸೆ ಬರಿದಾಯಿತು. “ಮುಂದಿನ ವಾರ ಹೇಳ್ತೀನಿ,” ಎಂದಿದ್ದ. ಆ ವಾರವೇ ಅವನ ಎದೆಬಡಿತ ನಿಂತಿತು.

ಅವಳು ಹಿಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಡುನಡುವೆ ಎಳ್ಳಿಗಿಂತ ಸಣ್ಣ, ಚಪ್ಪಟೆ ಬೀಜಗಳು. ನಾಲಿಗೆಗೆ ಹಚ್ಚಿ ನೋಡಿದಳು. ಹುಳಿ.

ಎರಡನೆಯ ಹಿಡಿ ಗುಲಾಬಿಯಾಯಿತು. ಐದನೆಯದು ಬೆಳ್ಳಗೆ ಬಂತು.

ತನ್ನ ಅಡುಗೆಮನೆಯಲ್ಲಿ ದೋನ್ಯಾ ಪಿಲಾರ್ ಒರಳಿನೊಳಗೆ ಬೆರಳಾಡಿಸಿ ಮೂಸಿದಳು.

“ಅಕ್ಕಿ ಆದ್ಮೇಲೆ ಬೆಳ್ಳುಳ್ಳಿ ಅರೆದಿಲ್ಲ ನೀನು.”

“ಮರೆತೆ.”

“ನಿಮ್ಮಜ್ಜಿ ಇದ್ದಿದ್ರೆ ಬಾಗಿಲಿಂದಲೇ ವಾಪಸ್ ಕಳಿಸ್ತಿದ್ಲು.”

ಮೇಜಿನ ಮೇಲೆ ಚಟ್ನಿಗೆಂದು ಟೊಮೇಟೋದಂಥ ಹಸಿರು, ಹುಳಿ ತೊಮತಿಯೋ ಕಾಯಿಗಳಿದ್ದವು, ಒಣ ಪೊರೆ ಅರ್ಧ ಬಿಡಿಸಿದ್ದವು. ಹೆಚ್ಚಿಟ್ಟ ಹೋಳೊಂದನ್ನು ಒತಿಲಿಯಾ ಬಗ್ಗಿ ನೋಡಿದಳು. ಅವೇ ಬೀಜಗಳು. ನೇರಳೆಯನ್ನು ಕೆಂಡವಾಗಿಸಿದ್ದು ಈ ಹುಳಿಯೇ.

“ಎರಡು ಕಾಯಿ ಕೊಡ್ತೀರಾ?”

“ಎರಡೇ? ಅವನೂ ಒರಳಿನ ಜೊತೆ ಎರಡೇ ಕೇಳಿದ್ದ. ಎರಡರಲ್ಲಿ ಯಾವ ಚಟ್ನಿ ಆಗುತ್ತೋ ಅಂತ ಬೈದು ಕಳಿಸಿದ್ದೆ.”

ಒತಿಲಿಯಾ ಒರಳನ್ನು ಎರಡೂ ಕೈಯಿಂದ ಮುದುಕಿಯ ಕಡೆಗೆ ಸರಿಸಿ, ಕಾಯಿಗಳಿಗೆ ಕೈ ಚಾಚಿದಳು.