ಗಂಟೆ ಇಲ್ಲದ ಬಾಲವಾಡಿ

"ನಿಂದ್ರಸಲೇ ಹುಲುಗಾ!" ಎನ್ನುತ್ತ ಭರಮಮ್ಮ ಹುಲುಗಪ್ಪ ಬಾರಿಸುತ್ತಿದ್ದ ಹಲಗೆಯ ಮೇಲೇ ಬಿದ್ದಳು. ಅವಳು ಬಾಯಿ ಬಿಟ್ಟರೆ ಹೊಳೆಯಾಚೆಯ ಎತ್ತುಗಳು ನೊಗ ಹರಿದುಕೊಂಡು ಓಡಬೇಕು, ಅಂಥ ಗಂಟಲು. ಹುಲುಗಪ್ಪನ ಹಲಗೆಯೇನು ಕಮ್ಮಿಯೇ? ಸತ್ತವರೂ ಎದ್ದು ತಾಳ ಹಾಕುವಂಥದ್ದು. ಶಾಂತಕ್ಕ ಮಾತ್ರ ಏಳಲಿಲ್ಲ. ಕಂಪ್ಲಿಯ ಬಾಲವಾಡಿ ಟೀಚರನ್ನು ಕೊರಳ ತುಂಬ ಹೂ ಹಾಕಿ ಗೋಡೆಗೆ ಒರಗಿಸಿ ಕೂರಿಸಿದ್ದರು.

ಭರಮಮ್ಮನ ನಾಲ್ಕು ವರ್ಷದ ಮಗಳು ಊರಮ್ಮ ಕಿವಿ ಮುಚ್ಚಿಕೊಂಡು ಹೊಸ್ತಿಲಿಗೆ ಹಣೆ ಬಡಿದುಕೊಳ್ಳುತ್ತಿದ್ದಳು.

"ಹಲಗಿ ಇಲ್ದ ಹೆಣ ಎತ್ತಿದ್ರ ಅನಾಥ ಹೆಣ ಅಂತಾರ, ಯಕ್ಕಾ. ಕೂಸಿನ್ನ ಅತ್ತಾಗ ಒಯ್ಯಿ," ಎಂದ ಹುಲುಗಪ್ಪ.

"ಈ ಕೂಸಿನ ಮೈಯಾಗ ಗಾಳಿ ಹೊಕ್ಕೈತಿ ಅಂತ ಆವತ್ತೇ ಬಡಕಂಡೆ," ಎಂದಳು ಬಾಲವಾಡಿಯ ಆಯಾ ದುರ್ಗಕ್ಕ. "ಟೀಚರ್ರು ಕೇಳ್ಲಿಲ್ಲ. ನಾಳಿಂದ ಬಾಲವಾಡಿ ನನ್ನ ಕೈಯಾಗ. ಈಕಿನ್ನ ಕಳಿಸಬ್ಯಾಡ, ಭರಮಿ."

ಕಾಲುವೆ ನೀರಿಗೆ ಎರಡು ಬೆಳೆ ಬರತೊಡಗಿದ ಮೇಲೆ ಭರಮಮ್ಮ ದುಡಿಯುವ ಅಕ್ಕಿ ಗಿರಣಿಗೆ ಬಿಡುವೇ ಇರಲಿಲ್ಲ. ನಾಳೆ ಅವಳು ಕೆಲಸಕ್ಕೆ ಹೋಗಬೇಕೆಂದರೆ ಬಾಲವಾಡಿಗೆ ಸೇರಿಸುವ ಮೊದಲಿನಂತೆ ಮಗಳನ್ನು ಮತ್ತೆ ಮನೆಯ ಕಂಬಕ್ಕೆ ಕಟ್ಟಬೇಕು.

*

ಊರಮ್ಮ ಬಾಲವಾಡಿಗೆ ಹೋದ ಮೊದಲ ದಿನ ಗಂಟೆ ಹೊಡೆದದ್ದೇ ತಡ, ಅವಳು ಚೀರಿದ ಚೀರಿಗೆ ತುಂಗಭದ್ರೆ ಒಂದು ಗಳಿಗೆ ಹಿಂದಕ್ಕೆ ಹರಿದಳು. ಉಪ್ಪಿಟ್ಟು ಬೆರಳಿಗೆ ಅಂಟಿದರೂ ಚೀರು, ಪಕ್ಕದ ಕೂಸು ತಾಗಿದರೂ ಚೀರು.

ಶಾಂತಕ್ಕ ಗಂಟೆ ಬಿಚ್ಚಿ ಅಟ್ಟಕ್ಕೆಸೆದಳು. ಆಮೇಲೆ ಅವಳು ಬಾಗಿಲಲ್ಲಿ ನಿಂತು ಕೆಂಪು ಟವೆಲ್ ಬೀಸಿದರೆ ಸಾಕು, ಮಕ್ಕಳೆಲ್ಲ ರೈಲಿನ ಹಾಗೆ ನಿಲ್ಲುತ್ತಿದ್ದರು. ಊರಮ್ಮನ ತೊಡೆಯ ಮೇಲೆ ಪುಟ್ಟದೊಂದು ಭತ್ತದ ಚೀಲ ಇಟ್ಟಳು. ಆ ಭಾರ ಕೂತ ಮೇಲೆ ಕೂಸು ಮೆಲ್ಲಗೆ ಉಸಿರು ಬಿಟ್ಟಿತು.

"ಗಾಳಿ ಅಲ್ಲ ಭರಮಮ್ಮ," ಎಂದಿದ್ದಳು ಶಾಂತಕ್ಕ. "ನಮಗ ಸೊಳ್ಳಿ ಸಪ್ಪಳ ಆಗಿದ್ದು ಈಕಿಗೆ ಲಾರಿ. ಅಷ್ಟ."

*

ಹೆಣದ ಮುಂದೆಯೇ ಭರಮಮ್ಮ ದುರ್ಗಕ್ಕನ ಕಾಲು ಹಿಡಿದಳು. "ಏನರ ಬಾರಸ್ರಿ. ಬಾಲವಾಡಿ ಬಾಗ್ಲ ಮಾತ್ರ ಹಾಕಬ್ಯಾಡ ಯಕ್ಕಾ." ಆ ಗಂಟಲಿನಿಂದ ಪಿಸುಮಾತು ಹೊರಟಿದ್ದು ಕಂಪ್ಲಿ ಹುಟ್ಟಿದಂದಿನಿಂದ ಅದೇ ಮೊದಲು.

ಹುಲುಗಪ್ಪ ಹಲಗೆಯನ್ನು ಬೆನ್ನಿಗೆ ಸರಿಸಿದ. "ಓಣಿ ದಾಟಿದ ಮ್ಯಾಲೆ ಬಾರಸ್ತೀನಿ ತಗಾ."

ಹೊಸ್ತಿಲಿಂದ ಆಚೆ ಒಯ್ಯಲೆಂದು ದುರ್ಗಕ್ಕ ಬಗ್ಗಿ ಕೂಸನ್ನು ಎತ್ತಲು ಹೋದಳು. ಎರಡೂ ಕೈ ತುಂಬ ಇದ್ದ ಹಸಿರು ಬಳೆ ಘಲ್ಲೆಂದವು. ಊರಮ್ಮ ಕಿರುಚಿ ಗೋಡೆಯ ಮೂಲೆಗೆ ಸೇರಿದಳು.

"ಬಳಿ ತಗದಿಟ್ಟು ಎತ್ತಕಬಾರ್ದ?" ಎಂದ ಹುಲುಗಪ್ಪ.

"ಬಾಯಿ ಮುಚ್ಚಲೇ! ಗಂಡ ಗುಂಡಕಲ್ಲಿನಂಗ ಇದಾನ. ಸತ್ತ ಮನ್ಯಾಗ ಬಳಿ ತಗೀಲೇನು?"

ಹೇಳಿದಳೇ ಹೊರತು ಕದಲಲಿಲ್ಲ. ಗೋಡೆಗೊರಗಿದ್ದ ಶಾಂತಕ್ಕನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಉಟ್ಟ ಸೀರೆಯ ಅಂಚನ್ನು ಹಲ್ಲಿನಿಂದ ಪರ್ರನೆ ಸೀಳಿ, ಎಡಗೈ ಬಳೆಗಳನ್ನು ಒಂದಕ್ಕೊಂದು ಬಿಗಿದು ಸುತ್ತಿದಳು.

ಮಗುವಿನ ಕೈ ಇನ್ನೂ ಕಿವಿಯ ಮೇಲೇ ಇತ್ತು.

ದುರ್ಗಕ್ಕ ಇನ್ನೊಂದು ಚಿಂದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಬಲಗೈಯನ್ನು ಭರಮಮ್ಮನ ಮುಂದೆ ಚಾಚಿದಳು.