ತಮ್ಮನ ಪರೀಕ್ಷೆ

ನನ್ನ ಮೊಮ್ಮಗಳು ಯಾವುದರಲ್ಲೂ ಎರಡನೆಯ ಸ್ಥಾನಕ್ಕೆ ಇಳಿದವಳಲ್ಲ. ಅದಕ್ಕೇ ಮನೆಯಲ್ಲಿ ಅವಳನ್ನು ಫಸ್ಟು ಎಂದೇ ಕರೆಯುತ್ತೇವೆ. ಗುಂಡುಕಲ್ಲಿನಂಥ ಹುಡುಗಿ, ನೆಗಡಿಗೂ ಅವಳನ್ನು ಕಂಡರೆ ಭಯ. ಅವಳ ತಮ್ಮ ಪುಟ್ಟನಿಗೆ ಮಾತ್ರ ರಕ್ತದ ಕಾಯಿಲೆ. ಅದಕ್ಕೆ ಕೊಡುವ ಔಷಧ ಕಾಯಿಲೆಯ ಜೊತೆಗೆ ಮೈಯ ರೋಗನಿರೋಧಕ ಶಕ್ತಿಯನ್ನೂ ತಿಂದುಹಾಕುತ್ತದೆ. ಅವನ ರಕ್ತ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ನನ್ನ ಸೊಸೆ, ಈ ಸಲವೂ ಫೇಲು ಎಂದು ನಿಟ್ಟುಸಿರು ಬಿಡುತ್ತಿದ್ದಳು. ಮಕ್ಕಳ ಮುಂದೆ ಹಾಗೆನ್ನಬೇಡ ಎಂದು ನಾನು ಗದರಿದ್ದೂ ಉಂಟು. ಕೇಳಬೇಕಲ್ಲ.

ಹೊಸ ಔಷಧ ಶುರುಮಾಡುವ ಮೊದಲು, ಒಂದೇ ಮನೆಯಲ್ಲಿ ಜೊತೆಗಿರುವ ಇಬ್ಬರು ಮಕ್ಕಳ ಮಲ ಪರೀಕ್ಷೆಯೂ ಆಗಬೇಕೆಂದು ಡಾಕ್ಟರಮ್ಮ ಎರಡು ಡಬ್ಬಿ ಕೊಟ್ಟರು. ತಮ್ಮನದನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದು ಫಸ್ಟು ಎರಡನ್ನೂ ಕೈಗೆತ್ತಿಕೊಂಡಳು. ಎಂಥ ಜವಾಬ್ದಾರಿ ಎಂದು ನಾನು ಬೀಗಿದೆ.

ಎರಡು ಡಬ್ಬಿಯಲ್ಲೂ ಕರುಳಿನ ಪರೋಪಜೀವಿ ಸಿಕ್ಕಿತು. ಗಟ್ಟಿ ಮೈಯ ಮಗುವಿನಲ್ಲಿ ಅದು ನೋವು, ಭೇದಿ ಏನೂ ಕೊಡದೆ ತೆಪ್ಪಗಿರಬಹುದಂತೆ. ಪುಟ್ಟನಂಥವನಲ್ಲಿ ಈಗ ಸುಮ್ಮನಿದ್ದರೂ ಯಾವಾಗ ತಿರುಗಿಬೀಳುತ್ತದೋ ಹೇಳಲಾಗದಂತೆ. ಹಾಗಾಗಿ ಮಾತ್ರೆ ಕೊಟ್ಟು ಅದನ್ನು ತೊಲಗಿಸುವವರೆಗೆ ಹೊಸ ಔಷಧವನ್ನು ಮುಂದೂಡಬೇಕು ಎಂದರು ಡಾಕ್ಟರಮ್ಮ. ಅಲ್ಲಿಯವರೆಗೆ ಕಾಯಿಲೆ ಕಾಯುತ್ತದೆಯೇ? ನನಗೆ ಬಂತು ಸಿಟ್ಟು. ನಮ್ಮನೆ ಬಚ್ಚಲಲ್ಲಿ ಎಲೆ ಹಾಕದೆಯೇ ಊಟ ಬಡಿಸಬಹುದು, ಮೊದಲು ನಿಮ್ಮ ಯಂತ್ರ ತೊಳೆಸಿ ಎಂದುಬಿಟ್ಟೆ.

ಆಗ ಫಸ್ಟು ಎದ್ದು ನಿಂತಳು. ಕೋಣೆಯ ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚಿನ ತುಂಬ ಜನ. ಹುಡುಗಿಯ ಕಿವಿ ಕೆಂಪಾಗಿತ್ತು.

"ಎರಡೂ ನಂದೇ," ಎಂದಳು. "ಪುಟ್ಟ ಎಲ್ಲಾ ಪರೀಕ್ಷೇಲೂ ಫೇಲಾಗ್ತಾನಲ್ಲ, ಇದೊಂದನ್ನ ಅವನ ಬದಲು ನಾನು ಕೊಟ್ಟೆ. ನಾನಾದ್ರೆ ಪಾಸಾಗ್ತೀನಿ ಅಂದ್ಕೊಂಡೆ. ಹುಳ ಇರೋದು ನನ್ನ ಹೊಟ್ಟೇಲಿ, ಅವನದ್ರಲ್ಲಿ ಅಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಪುಟ್ಟನ ಹೊಟ್ಟೆಯಲ್ಲಿ ಇದೆಯೋ ಇಲ್ಲವೋ ಪರೀಕ್ಷಿಸಿದ ಮೇಲೇ ತಿಳಿಯಬೇಕು, ಆದರೆ ಈಗ ನೀನು ಬಾಯಿ ಬಿಡದಿದ್ದರೆ ಅವನಿಗೆ ಬೇಡದ ಮಾತ್ರೆ ಕೊಟ್ಟು ಬೇಕಾದ ಔಷಧವನ್ನು ನಿಲ್ಲಿಸಿಬಿಡುತ್ತಿದ್ದೆವು ಎಂದು ಅವಳ ಕೈ ಕುಲುಕಿದರು. ತಪ್ಪು ಮಾಡಿದ್ದು ಮಗುವೇ, ಸರಿ. ಆದರೆ ಅಷ್ಟು ಜನ ಕೇಳುವಂತೆ ನನ್ನ ಹೊಟ್ಟೆಯಲ್ಲಿ ಹುಳವಿದೆ ಎನ್ನಲು ನನ್ನಿಂದಂತೂ ಆಗುತ್ತಿರಲಿಲ್ಲ. ಅವಳು ಶಾಲೆಗೇ ಮೊದಲು ಬಂದ ದಿನವೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ.

ಫಸ್ಟುಗೆ ಮಾತ್ರೆ ಶುರುವಾಯಿತು, ಅವಳ ಹಾಸಿಗೆ, ಟವೆಲು ಬೇರೆಯಾದವು. ಪುಟ್ಟನದನ್ನು ಈ ಸಲ ನಾನೇ ಕಣ್ಣಾರೆ ನೋಡಿ ಡಬ್ಬಿಗೆ ಹಾಕಿದೆ. ಒಂದು ಡಬ್ಬಿಯನ್ನೇ ನಂಬದೆ ಮತ್ತೆ ಮತ್ತೆ ತರಿಸಿ ನೋಡಿದರು. ಯಾವುದರಲ್ಲೂ ಏನೂ ಇರಲಿಲ್ಲ. ಹೊಸ ಔಷಧ ಹೇಳಿದ ದಿನಕ್ಕೇ ಶುರುವಾಗುವುದೆಂದು ಗೊತ್ತಾಯಿತು.

ಪುಟ್ಟನನ್ನು ಹಿಡಿಯುವವರೇ ಇಲ್ಲ. ಆಸ್ಪತ್ರೆಯ ಓಣಿಯುದ್ದಕ್ಕೂ ನರ್ಸಿಗೆ, ಕಸ ಗುಡಿಸುವವಳಿಗೆ, ಗೊತ್ತಿರದವರಿಗೆಲ್ಲ ಸಾರಿಕೊಂಡು ಹೋದ: "ನಾನು ಪಾಸು, ಅಕ್ಕ ಫೇಲು."

ನಾನು ಅವನ ಬಾಯಿ ಮುಚ್ಚಿಸಲು ಹೊರಟೆ. ಫಸ್ಟು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಹೇಳ್ಕೊಳ್ಲಿ ಬಿಡಜ್ಜಿ. ಮೊದಲ್ನೇ ಸಲ ಪಾಸಾಗಿದಾನೆ."